ಮಗಳಿಗೊಂದು ಪತ್ರ: ಕೋ-ಆಪ್ ಮನೆಗೆ ಸಹಿ ಹಾಕುವ ಮುಂಚೆ

ಪ್ರೀತಿಯ ಪುಟ್ಟಿ,

ಮ್ಯಾನ್‌ಹಟನ್ನಿನ ಅಪ್ಪರ್ ಈಸ್ಟ್ ಸೈಡಿನ ಆ ಒಂದು ಬೆಡ್‌ರೂಮಿನ ಮನೆಯ ಫೋಟೋ, ನಕ್ಷೆ ಎಲ್ಲ ನೋಡಿದೆವು. ಬೆಳಕು ಚೆನ್ನಾಗಿದೆ, 72ನೇ ಬೀದಿಯ ಕ್ಯೂ ರೈಲು ನಡೆದು ಹೋಗುವಷ್ಟು ಹತ್ತಿರ. ಮನೆ ಬಗ್ಗೆ ತಕರಾರಿಲ್ಲ. ಆದರೆ ಕೋ-ಆಪ್‌ನಲ್ಲಿ ನೀನು ಕೊಳ್ಳುವುದು ಮನೆಯನ್ನಲ್ಲ ಕಣೇ. ಇಡೀ ಕಟ್ಟಡ ಒಂದು ಕಂಪನಿಯದು. ಆ ಕಂಪನಿಯ ಇಂತಿಷ್ಟು ಷೇರು ನಿನ್ನ ಹೆಸರಿಗೆ ಬರುತ್ತದೆ, ಜೊತೆಗೆ ಆ ಮನೆಯಲ್ಲಿ ವಾಸಿಸಲು ಪ್ರೊಪ್ರೈಟರಿ ಲೀಸ್ ಎಂಬ ಕರಾರುಪತ್ರ. ಬೆಂಗಳೂರಿನ ಫ್ಲಾಟಿಗಿರುವ ಕ್ರಯಪತ್ರ, ಖಾತೆ ಯಾವುದೂ ಅಲ್ಲಿಲ್ಲ. ಬಾಂಬೆಯ ಸೊಸೈಟಿ ಮನೆಗಳ ಷೇರ್ ಸರ್ಟಿಫಿಕೇಟ್ ನೆನೆಸಿಕೋ, ಸುಮಾರು ಅದೇ ಜಾತಿ. ಹಾಗಾಗಿ ಕಂಪನಿ ಗಟ್ಟಿಯಾಗಿದೆಯಾ ಅಂತ ಮೊದಲು ನೋಡು, ಅಡುಗೆಮನೆ ಕಟ್ಟೆಯ ಕಲ್ಲು ಯಾವುದು ಅಂತ ಆಮೇಲೆ.

ನಿನ್ನ ವಕೀಲರ ಹತ್ತಿರ ಎರಡು ವರ್ಷದ ಆಡಿಟ್ ಆದ ಲೆಕ್ಕಪತ್ರ ಕೇಳು. ಅದರಲ್ಲಿ ಕಟ್ಟಡದ ಮೇಲಿನ ಸಾಲದ ಟಿಪ್ಪಣಿ ಹುಡುಕು. ನಿನ್ನ ಗೃಹಸಾಲ ಬೇರೆ, ಇದು ಕಂಪನಿ ಇಡೀ ಕಟ್ಟಡ ಅಡವಿಟ್ಟು ತಂದ ಸಾಲ. ಇದರ ಬಡ್ಡಿ ನಿನ್ನ ತಿಂಗಳ ಮೇಂಟೆನೆನ್ಸ್‌ನಲ್ಲೇ ಸೇರಿರುತ್ತದೆ. ಹೆಚ್ಚಿನ ಕಟ್ಟಡಗಳು ಅಸಲು ತೀರಿಸದೆ ಅವಧಿ ಮುಗಿದಾಗ ಹೊಸ ಸಾಲ ಮಾಡುತ್ತವೆ. 2020-21ರಲ್ಲಿ ಕಡಿಮೆ ಬಡ್ಡಿಗೆ ಸಿಕ್ಕ ಸಾಲದ ಅವಧಿ ಮುಗಿದು ಹೊಸ ದರಕ್ಕೆ ಬಂದರೆ ಮೇಂಟೆನೆನ್ಸ್ ಏರಲೇಬೇಕು. ಯಾವ ವರ್ಷ ಮುಗಿಯುತ್ತದೆ, ಈಗಿನ ಬಡ್ಡಿ ಎಷ್ಟು, ರಿಸರ್ವ್ ಅಂದರೆ ಕಂಪನಿಯ ಕೂಡಿಟ್ಟ ನಿಧಿ ಎಷ್ಟಿದೆ, ಈ ಮೂರು ಅಂಕಿ ಬೇಕೇ ಬೇಕು. ಕಟ್ಟಡದ ಕೆಳಗಿನ ನೆಲ ಕಂಪನಿಯದೋ ಗುತ್ತಿಗೆಯದೋ ಅಂತಲೂ ಕೇಳು. ಗುತ್ತಿಗೆ ನೆಲವಾಗಿದ್ದರೆ ಬೆಲೆ ಎಷ್ಟೇ ಅಗ್ಗವಾಗಿದ್ದರೂ ಬೇಡ; ಗುತ್ತಿಗೆ ನವೀಕರಣದ ದಿನ ನೆಲಬಾಡಿಗೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು.

ಈಗ ಹೊರಗೋಡೆ. ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. 1960ರ ದಶಕದ, ಮೆರುಗಿನ ಬಿಳಿ ಇಟ್ಟಿಗೆಯ ಕಟ್ಟಡ. ಆ ಕಾಲದಲ್ಲಿ ಆ ಭಾಗದಲ್ಲಿ ಇಂಥವು ಬಹಳ ಎದ್ದವು, ತೊಂದರೆಯೂ ಎಲ್ಲಕ್ಕೂ ಒಂದೇ. ಗಾರೆಯ ಸಂದಿಯಿಂದಲೋ ಬಿರುಕಿನಿಂದಲೋ ನೀರು ಒಳಗೆ ಹೋಗುತ್ತದೆ. ಮುಖದ ಮೇಲೆ ಗಾಜಿನಂಥ ಪದರ ಇರುವುದರಿಂದ ಅದು ಆರಿ ಹೊರಗೆ ಬರುವುದಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಚಕ್ಕೆ ಎಬ್ಬಿಸುತ್ತದೆ. ಎದುರು ಬದಿಯ ಫುಟ್‌ಪಾತಿನಲ್ಲಿ ನಿಂತು ಮೇಲಿನ ಮೂರ್ನಾಲ್ಕು ಮಹಡಿ ನಿಧಾನವಾಗಿ ನೋಡು. ಕಿಟಕಿಯ ತಲೆಯ ಮೇಲೆ ತುಕ್ಕಿನ ಗೆರೆ ಇಳಿದಿದ್ದರೆ ಒಳಗಿನ ಕಬ್ಬಿಣದ ಪಟ್ಟಿ ನೀರು ಕುಡಿಯುತ್ತಿದೆ ಎಂದರ್ಥ. ಬೇರೆ ಬಿಳುಪಿನ ತೇಪೆಗಳಿದ್ದರೆ ಅಲ್ಲಲ್ಲಿ ರಿಪೇರಿ ಆಗಿದೆ. ಎಲ್ಲ ಇಟ್ಟಿಗೆಯೂ ಒಂದೇ ಬಣ್ಣ, ಹೊಸದರ ಹಾಗಿದ್ದರೆ ಪೂರ್ತಿ ಬದಲಾಯಿಸಿರಬಹುದು, ಅದು ಒಳ್ಳೆಯ ಸುದ್ದಿ.

ನಗರದ ನಿಯಮದಂತೆ ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ನಿಗದಿತ ವರ್ಷಗಳಿಗೊಮ್ಮೆ ತಪಾಸಣೆ ಮಾಡಿಸಬೇಕು. ಜನ ಇದನ್ನು ಲೋಕಲ್ ಲಾ 11 ಅನ್ನುತ್ತಾರೆ. ವರದಿಯಲ್ಲಿ ಅನ್‌ಸೇಫ್ ಅಂತ ಬಂದರೆ ಕೆಳಗೆ ತಗಡು-ಹಲಗೆಯ ಶೆಡ್ ಎದ್ದು ನಿಲ್ಲುತ್ತದೆ. ಖರ್ಚು ರಿಸರ್ವ್‌ಗೆ ಮೀರಿದರೆ ಅಸೆಸ್‌ಮೆಂಟ್ ಅಂತ ಷೇರಿನ ಲೆಕ್ಕದಲ್ಲಿ ಎಲ್ಲರಿಗೂ ಹಂಚುತ್ತಾರೆ. ಕಟ್ಟಡಕ್ಕೆ ಒಟ್ಟು 40,000 ಷೇರಿದ್ದು ನಿನ್ನದು 400 ಅಂದುಕೋ: 20 ಲಕ್ಷ ಡಾಲರಿನ ಕೆಲಸಕ್ಕೆ ನಿನ್ನ ಪಾಲು 20,000. ಈಗಾಗಲೇ ತೀರ್ಮಾನವಾದ ಅಸೆಸ್‌ಮೆಂಟ್ ಇದ್ದರೆ ಅದನ್ನು ಮಾರುವವರು ತೀರಿಸಬೇಕೆಂದು ಕರಾರಿನಲ್ಲೇ ಬರೆಸು, ಬಾಯಿಮಾತು ಸಾಲದು. ಲೋಕಲ್ ಲಾ 97ರ ವಿಷಯವನ್ನೂ ಕೇಳು. ಅದು ದೊಡ್ಡ ಕಟ್ಟಡಗಳು ಹೊರಬಿಡುವ ಇಂಗಾಲಕ್ಕೆ ಮಿತಿ ಹಾಕುವ ನಗರದ ಕಾನೂನು. ಮಿತಿ ಮೀರಿದರೆ ಟನ್ನಿಗೆ 268 ಡಾಲರ್ ದಂಡ, 2030ರಿಂದ ಮಿತಿ ಇನ್ನೂ ಬಿಗಿ.

ದುಡ್ಡಿನ ಲೆಕ್ಕ ಹೀಗೆ. ಬೆಲೆ 7,50,000 ಡಾಲರ್, ಮುಂಗಡ ಶೇ. 25 ಅಂದರೆ 1,87,500. ಉಳಿದ 5,62,500ಕ್ಕೆ ಶೇ. 6.5ರ ಬಡ್ಡಿಯಲ್ಲಿ 30 ವರ್ಷಕ್ಕೆ ಕಂತು ಸುಮಾರು 3,555. ಮೇಂಟೆನೆನ್ಸ್ 1,700 ಸೇರಿದರೆ ತಿಂಗಳಿಗೆ 5,255. ಇದು ಆದಾಯದ ಶೇ. 25ರಿಂದ 28ರೊಳಗೆ ಇರಬೇಕು ಅಂತ ಬಹಳಷ್ಟು ಬೋರ್ಡುಗಳು ಬಯಸುತ್ತವೆ. ಬೋರ್ಡ್ ಅಂದರೆ ಕಟ್ಟಡದ ಕಂಪನಿಯ ಆಡಳಿತ ಮಂಡಳಿ, ಕೊಳ್ಳುವವರನ್ನು ಒಪ್ಪಬೇಕಾದವರು ಅವರೇ. ಶೇ. 28 ಅಂದರೂ ವರ್ಷಕ್ಕೆ 2,25,000 ಆದಾಯ ಬೇಕು. ಕೊಂಡ ಮೇಲೂ ಎರಡು ವರ್ಷದ ಖರ್ಚು, ಅಂದರೆ 1,26,000 ಡಾಲರ್, ಕೈಯಲ್ಲಿ ಉಳಿದಿರಬೇಕು ಅನ್ನುವ ಬೋರ್ಡುಗಳೂ ಇವೆ. ನಿವೃತ್ತಿ ಖಾತೆಯ ಹಣವನ್ನು ಹಲವರು ಇದಕ್ಕೆ ಪೂರ್ತಿ ಲೆಕ್ಕ ಹಿಡಿಯುವುದಿಲ್ಲ. ಒಂದು ಅನುಕೂಲವೂ ಉಂಟು: ಕಾಂಡೊ, ಅಂದರೆ ಮನೆಯೇ ನಿನ್ನ ಹೆಸರಿಗೆ ಬರುವ ಫ್ಲಾಟು, ಆಗಿದ್ದರೆ ಇಷ್ಟು ಸಾಲಕ್ಕೆ ನೋಂದಣಿ ತೆರಿಗೆಯೇ 10,000 ದಾಟುತ್ತಿತ್ತು, ಕೋ-ಆಪ್‌ಗೆ ಅದಿಲ್ಲ.

ನಾವು ಕಳಿಸುವ ಹಣ ಬೋರ್ಡಿಗೆ ಕೊಡುವ ಅರ್ಜಿಗೆ ಎರಡು ಮೂರು ತಿಂಗಳು ಮುಂಚೆಯೇ ನಿನ್ನ ಖಾತೆಯಲ್ಲಿ ಕುಳಿತಿರಬೇಕು. ಮುಂಗಡಕ್ಕೆ ಉಡುಗೊರೆ ಹಣವನ್ನೇ ಒಪ್ಪದ ಕಟ್ಟಡಗಳಿವೆ, ಮೊದಲೇ ಬ್ರೋಕರ್ ಹತ್ತಿರ ವಿಚಾರಿಸು. ಇಲ್ಲಿಂದ ಒಬ್ಬೊಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. 10 ಲಕ್ಷ ರೂಪಾಯಿ ಮೀರಿದ್ದಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆಯ ಥರದ ಹಣ, ಹಿಡಿಯುತ್ತದೆ. ಅದು ನಮ್ಮ ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ನೀನು ತಲೆಕೆಡಿಸಿಕೊಳ್ಳಬೇಡ. ಆದರೆ ವರ್ಷಕ್ಕೆ 1,00,000 ಡಾಲರ್ ದಾಟಿದರೆ ನೀನು ಅಲ್ಲಿಯ ತೆರಿಗೆ ಇಲಾಖೆಗೆ ವಿದೇಶದ ಉಡುಗೊರೆ ತಿಳಿಸುವ ಫಾರ್ಮ್ 3520 ಸಲ್ಲಿಸಲೇಬೇಕು. ಅಪ್ಪ ಬೇರೆ, ನಾನು ಬೇರೆ ಕಳಿಸಿದರೂ ಲೆಕ್ಕ ಒಟ್ಟಿಗೇ. ತೆರಿಗೆ ಏನೂ ಇಲ್ಲ, ಮರೆತರೆ ಮಾತ್ರ ಉಡುಗೊರೆಯ ಶೇ. 25ರ ತನಕ ದಂಡ ಬೀಳಬಹುದು.

ಬೋರ್ಡಿಗೆ ಕೊಡುವ ಅರ್ಜಿ-ದಾಖಲೆಗಳ ಕಟ್ಟಿನಲ್ಲಿ (ಬೋರ್ಡ್ ಪ್ಯಾಕೇಜ್) ಪುಟ ಎಷ್ಟಿದ್ದರೂ ನೋಡುವವರು ನೋಡುವುದು ಅಂಕಿಗಳು ತಾಳೆಯಾಗುತ್ತವಾ ಅಂತ. ಆಸ್ತಿಪಟ್ಟಿಯಲ್ಲಿ ಬರೆದ ಮೊತ್ತ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಡಾಲರ್ ಡಾಲರಿಗೆ ಹೊಂದಬೇಕು. ಸ್ಟೇಟ್‌ಮೆಂಟಿನ ಖಾಲಿ ಪುಟವನ್ನೂ ಬಿಡಬೇಡ. ಸಂದರ್ಶನದಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಗೋಡೆ ಒಡೆಸುವ ಮಾತು ಎತ್ತಲೇಬೇಡ. ಬೋರ್ಡಿನವರು ಕಾರಣ ಹೇಳದೆಯೂ ಬೇಡ ಅನ್ನಬಹುದು. ಕರಾರಿನಲ್ಲಿ ಬೋರ್ಡ್ ಒಪ್ಪಿಗೆಯ ಷರತ್ತು ಇದ್ದರೆ ನೀನು ಕೊಟ್ಟ ಶೇ. 10 ಠೇವಣಿ ವಾಪಸು ಬರುತ್ತದೆ.

ಕೆಲಸಕ್ಕಾಗಿ ಬೇರೆ ಊರಿಗೆ ಹೋಗಬೇಕಾದರೆ ಮನೆ ಬಾಡಿಗೆಗೆ ಕೊಡುವ ನಿಯಮ ಓದಿಕೋ. ಎರಡು ವರ್ಷ ನೀನೇ ವಾಸವಿದ್ದ ಮೇಲೆ, ಐದು ವರ್ಷದಲ್ಲಿ ಎರಡು ವರ್ಷ ಮಾತ್ರ, ಹೀಗೆಲ್ಲ ಇರುತ್ತದೆ. ನಾವು ಬಂದು ನಿನ್ನ ಜೊತೆ ಇರುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ನೀನಿಲ್ಲದಾಗ ನಾವಿಬ್ಬರೇ ಇರಬಹುದಾ ಅನ್ನುವುದನ್ನು ಲೀಸ್‌ನಲ್ಲಿ ನೋಡು.

ಮನೆಯೊಳಗೆ ವಾಷಿಂಗ್ ಮಷೀನ್ ಬಿಡುತ್ತಾರಾ ಕೇಳು. ಹಳೆಯ ಕೊಳಾಯಿ ಸಾಲಿನಲ್ಲಿ ಸೋಪಿನ ನೊರೆ ಕೆಳಗಿನವರ ಸಿಂಕಿನಲ್ಲಿ ಉಕ್ಕುವುದರಿಂದಲೇ ಎಷ್ಟೋ ಕಡೆ ನಿಷೇಧ. ಅಡುಗೆಮನೆಗೆ ಕಿಟಕಿಯಿಲ್ಲ ಅಂತ ನಕ್ಷೆಯಲ್ಲಿ ಕಂಡಿತು. ಒಲೆಯ ಮೇಲಿನ ಚಿಮಣಿ ಗಾಳಿಯನ್ನು ಹೊರಗೆ ಬಿಡುತ್ತದಾ, ಇಲ್ಲ ಸೋಸಿ ಒಳಗೇ ಊದುತ್ತದಾ? ಒಳಗೇ ಊದುವುದಾದರೆ ಒಣಮೆಣಸಿನಕಾಯಿಯ ಒಗ್ಗರಣೆ ಘಾಟು ಕಾರಿಡಾರಿನ ತನಕ ಹೋಗುತ್ತದೆ. ಗೋಡೆಯ ಮೇಲೆ ಕಟ್ಟಡದ ಗಾಳಿಕಿಂಡಿ ಇದ್ದರೆ ಒಂದು ಟಿಶ್ಯೂ ಕಾಗದ ಹಿಡಿದು ನೋಡು. ಕಚ್ಚಿಕೊಂಡರೆ ಗಾಳಿ ಎಳೆಯುತ್ತಿದೆ.

ಎರಡನೇ ಸಲ ನೋಡಲು ಸಾಧ್ಯವಾದರೆ ಸಂಜೆ ಏಳರ ಮೇಲೆ ಹೋಗು, ಅಕ್ಕಪಕ್ಕದ ಸದ್ದು ಆಗ ಗೊತ್ತಾಗುತ್ತದೆ. ವಕೀಲರು ಬೋರ್ಡ್ ಸಭೆಯ ಮಿನಿಟ್ಸ್ ಓದಿ ಬಂದ ಮೇಲೆ ಸೋರಿಕೆ, ಬಾಯ್ಲರ್, ಲಿಫ್ಟ್, ಹೊರಗೋಡೆ ಬಗ್ಗೆ ಏನೇನಿದೆ ಅಂತ ತಾರೀಖಿನ ಸಮೇತ ಬರೆದು ಕಳಿಸು. ಅಲ್ಲಿಯ ತನಕ ಸಹಿ ಹಾಕಬೇಡ.

ಆಶೀರ್ವಾದಗಳೊಂದಿಗೆ,
ಅಮ್ಮ