ಕಾರ್ಬೈಡ್ ತನ್ನ ಪಾಲಿನ ಟೈಟಾನಿಯಂ ಕೇಳುತ್ತದೆ

ಚಿ. ವೈಷ್ಣವಿಗೆ ಸೋದರಮಾವನ ಆಶೀರ್ವಾದಗಳು.

ಟೈಟಾನಿಯಂ ಮತ್ತು ಅಲ್ಯುಮಿನಿಯಂ ಕೂಡಿದ ಟೈಟಾನಿಯಂ ಅಲ್ಯುಮಿನೈಡ್‌ಗೆ ಕಾರ್ಬೈಡ್ (ಇಂಗಾಲ ಮತ್ತು ಲೋಹದ ಸಂಯುಕ್ತ) ಸೇರಿಸಿ ಎರಕ ಹೊಯ್ಯುವ ಕೆಲಸ ಹಿಡಿದಿದ್ದೀಯೆಂದು ನಿನ್ನಮ್ಮ ಹೇಳಿದಳು. ತುಂಬ ಸಂತೋಷವಾಯಿತು. ನಿಕಲ್ ಸೂಪರ್ ಅಲಾಯ್‌ನ ಅರ್ಧದಷ್ಟೇ ಸಾಂದ್ರತೆಯ ಈ ಲೋಹ ಜಿಇಎನ್‌ಎಕ್ಸ್ ವಿಮಾನ ಎಂಜಿನ್‌ನ ಟರ್ಬೈನ್ ಬ್ಲೇಡುಗಳಲ್ಲಿ ಈಗಾಗಲೇ ತಿರುಗುತ್ತಿದೆ. ಬಿಸಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ನಿಲ್ಲಲಿ ಎಂದೇ ಇಂಗಾಲ ಸೇರಿಸುವುದು.

ಮೊದಲು ಲೆಕ್ಕ. ಕಾಂಕ್ರೀಟಿಗೆ ಜಲ್ಲಿ ಹಾಕಿದ ಹಾಗೆ ಕಾರ್ಬೈಡ್ ಸುಮ್ಮನೆ ಒಳಗೆ ಕೂರುವುದಿಲ್ಲ. ನೀನು ಹಾಕಿದ ಟೈಟಾನಿಯಂ ಕಾರ್ಬೈಡ್ ಕರಗಿದ ಲೋಹದೊಡನೆ ಕೂಡಿ ‘ಎಚ್ ಫೇಸ್’ ಎಂಬ ಹೊಸ ಸಂಯುಕ್ತವಾಗುತ್ತದೆ: ಎರಡು ಟೈಟಾನಿಯಂ, ಒಂದು ಅಲ್ಯುಮಿನಿಯಂ, ಒಂದು ಇಂಗಾಲ. ಪರಮಾಣು ಲೆಕ್ಕದಲ್ಲಿ ಶೇ. 46 ಟೈಟಾನಿಯಂ, 46 ಅಲ್ಯುಮಿನಿಯಂ, 5 ನಯೋಬಿಯಂ, 3 ಇಂಗಾಲ ಇಟ್ಟುಕೊಂಡೆ ಎನ್ನು. ಇಂಗಾಲವೆಲ್ಲ ಎಚ್ ಫೇಸ್ ಆದರೆ 6 ಪಾಲು ಟೈಟಾನಿಯಂ, 3 ಪಾಲು ಅಲ್ಯುಮಿನಿಯಂ ಅದಕ್ಕೇ ಹೋಗಿ, ಉಳಿದ ಮ್ಯಾಟ್ರಿಕ್ಸ್‌ನಲ್ಲಿ (ಕಾರ್ಬೈಡ್ ಸುತ್ತಲಿನ ಮೂಲ ಲೋಹದಲ್ಲಿ) ಅಲ್ಯುಮಿನಿಯಂ ಶೇ. 48.9ಕ್ಕೆ ಏರುತ್ತದೆ. ಆಗ ಗಾಮಾ (ಟೈಟಾನಿಯಂ, ಅಲ್ಯುಮಿನಿಯಂ ಹೆಚ್ಚುಕಡಿಮೆ ಸಮನಾಗಿರುವ ಹರಳು) ಹೆಚ್ಚಿ, ಆಲ್ಫಾ-2 (ಟೈಟಾನಿಯಂ ಹೆಚ್ಚಿರುವ ಹರಳು) ಪದರ ಕಡಿಮೆಯಾಗುತ್ತದೆ. ಇಂಗಾಲ ಸೇರಿಸಿದ್ದರಿಂದ ಗುಣ ಬದಲಾಯಿತೆಂದು ಬರೆದದ್ದು ಎಷ್ಟೋ ಸಲ ಈ ಅಲ್ಯುಮಿನಿಯಂ ಏರಿಕೆಯ ಫಲವೂ ಆಗಿರುತ್ತದೆ. ಮ್ಯಾಟ್ರಿಕ್ಸ್ 46ರಲ್ಲೇ ಇರಬೇಕೆಂದರೆ ಒಟ್ಟು ಅಲ್ಯುಮಿನಿಯಂ ಅನ್ನು 43.5ರ ಹತ್ತಿರ ಇಟ್ಟುಕೋ. ಸ್ವಲ್ಪ ಇಂಗಾಲ ಆಲ್ಫಾ-2ರಲ್ಲಿ ಕರಗಿಯೇ ಉಳಿಯುವುದರಿಂದ ನಿಜವಾದ ಏರಿಕೆ ಇದಕ್ಕಿಂತ ತುಸು ಕಡಿಮೆ.

ಮೊದಲು ಹೇಳಿದ ಆ ಮಿಶ್ರಣದ 50 ಗ್ರಾಂ ಬಟನ್‌ಗೆ (ವಿದ್ಯುತ್ ಆರ್ಕ್ ಕುಲುಮೆಯಲ್ಲಿ ಕರಗಿಸಿ ಮಾಡುವ ಪುಟ್ಟ ಲೋಹದ ಉಂಡೆಗೆ) ಟೈಟಾನಿಯಂ 26.10, ಅಲ್ಯುಮಿನಿಯಂ 15.74, ನಯೋಬಿಯಂ 5.89, ಟೈಟಾನಿಯಂ ಕಾರ್ಬೈಡ್ ಪುಡಿ 2.28 ಗ್ರಾಂ. ಪುಡಿಯನ್ನು ಬಿಡಿಯಾಗಿ ಹಾಕಬೇಡ, ಆರ್ಕ್‌ನ ರಭಸಕ್ಕೆ ಹಾರಿಹೋಗುತ್ತದೆ. ಅಲ್ಯುಮಿನಿಯಂ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, ಒತ್ತಿ ಬಿಲ್ಲೆ ಮಾಡು; ಫಾಯಿಲ್‌ನ ತೂಕವನ್ನೂ ಅಲ್ಯುಮಿನಿಯಂ ಲೆಕ್ಕಕ್ಕೆ ಸೇರಿಸು. ಬಿಲ್ಲೆ ಮತ್ತು ಅಲ್ಯುಮಿನಿಯಂ ಕೆಳಗೆ, ಟೈಟಾನಿಯಂ ಮತ್ತು ನಯೋಬಿಯಂ ಮೇಲೆ. ಆರ್ಗಾನ್ ತುಂಬಿದ ಮೇಲೆ ಪಕ್ಕದ ಗುಳಿಯಲ್ಲಿಟ್ಟ ಶುದ್ಧ ಟೈಟಾನಿಯಂ ತುಂಡನ್ನು ಮೊದಲು ಕರಗಿಸು, ಉಳಿದಿರುವ ಆಮ್ಲಜನಕವನ್ನು ಅದು ಹೀರಲಿ. ಕರೆಂಟನ್ನು ನಿಧಾನವಾಗಿ ಏರಿಸು. ಟೈಟಾನಿಯಂ-ಅಲ್ಯುಮಿನಿಯಂ ಕೂಡುವಾಗಲೇ ಶಾಖ ಹೊಮ್ಮುತ್ತದೆ, ಅವಸರ ಮಾಡಿದರೆ ಲೋಹ ಸಿಡಿಯುತ್ತದೆ.

ಬಟನ್ ಅನ್ನು ಕನಿಷ್ಠ ಐದು ಸಲ ಮಗುಚಿ ಕರಗಿಸು. ನಯೋಬಿಯಂ ಕರಗುವುದು 2477 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಭಾರವಾದ್ದರಿಂದ ತಳಕ್ಕಿಳಿದು, ನೀರಿನಿಂದ ತಣ್ಣಗಿರುವ ತಾಮ್ರದ ಗುಳಿಯ ಮೇಲೆ ಹಾಗೇ ಕುಳಿತುಬಿಡುತ್ತದೆ. ಪ್ರತಿ ಸಲವೂ ತೂಕ ನೋಡು. 0.3 ಗ್ರಾಂ ಕಡಿಮೆಯಾಗಿ, ಅದಷ್ಟೂ ಅಲ್ಯುಮಿನಿಯಂ ಆವಿಯಾಗಿದ್ದರೆ 46 ಇದ್ದದ್ದು 45.5ಕ್ಕೆ ಇಳಿದಿರುತ್ತದೆ. ಚೇಂಬರ್ ತಳದಲ್ಲಿ ಕಪ್ಪು ಪುಡಿ ಕಂಡರೆ ಹೋದದ್ದು ಕಾರ್ಬೈಡ್ ಇರಬಹುದು ಎಂದು ತಿಳಿ.

ಮುಂದೆ ಇಂಡಕ್ಷನ್ ಕುಲುಮೆಗೆ ಹೋದಾಗ ಮೂಸೆ ಯಾವುದೆಂದು ಯೋಚಿಸು. ಕರಗಿದ ಟೈಟಾನಿಯಂ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಮೂಸೆಯನ್ನು ತಿಂದು ಆಮ್ಲಜನಕ ಎಳೆದುಕೊಳ್ಳುತ್ತದೆ, ಎರಕ ಪೆಡಸಾಗುತ್ತದೆ. ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಮೂಸೆ ಹೆಚ್ಚು ತಾಳಿಕೊಳ್ಳುತ್ತದೆ. ಗ್ರಾಫೈಟ್ ಮೂಸೆಯಿಂದ ಇಂಗಾಲ ಲೋಹಕ್ಕೆ ಇಳಿಯುತ್ತದೆ. ನಿನಗೆ ಬೇಕಾದ್ದೂ ಇಂಗಾಲವೇ, ಹಾಗಾಗಿ ಅದನ್ನೇ ಉಪಾಯವಾಗಿ ಬಳಸಬಹುದು. ಆದರೆ ಬಿಸಿ ಮತ್ತು ಹೊತ್ತು ಎರಡನ್ನೂ ಹಿಡಿತದಲ್ಲಿಟ್ಟು, ಪ್ರತಿ ಎರಕದ ಇಂಗಾಲವನ್ನೂ ಅಳೆಯಿಸಲೇಬೇಕು.

ಅಚ್ಚಿನಲ್ಲಿ ತಣಿಯುವ ವೇಗ ಕಾರ್ಬೈಡ್‌ನ ಆಕಾರವನ್ನು ತೀರ್ಮಾನಿಸುತ್ತದೆ. ನಿಧಾನವಾದರೆ ಉದ್ದನೆಯ ಹಲಗೆಗಳು, ಬೇಗವಾದರೆ ಗಿಡ್ಡ ತುಂಡುಗಳು. ಉದ್ದ ಹಲಗೆಗಳು ಒಂದಕ್ಕೊಂದು ತಾಗಿಕೊಂಡರೆ ಬಿರುಕಿಗೆ ಹಾದಿ ಸಿಕ್ಕಂತೆ. ಹಾಗೆಂದು ತಣ್ಣನೆಯ ತಾಮ್ರದ ಅಚ್ಚಿಗೆ ಸುರಿದರೆ ಎರಕವೇ ಸೀಳಬಹುದು; ಕೋಣೆಯ ಉಷ್ಣತೆಯಲ್ಲಿ ಈ ಲೋಹವನ್ನು ಎಳೆದರೆ ಮುರಿಯುವ ಮುನ್ನ ಶೇ. 1-2ರಷ್ಟು ಹಿಗ್ಗುವುದೇ ಕಷ್ಟ. ಬಿಸಿ ಮಾಡಿದ ಅಚ್ಚಿನಲ್ಲಿ ಹೊಯ್ದು ಕುಲುಮೆಯಲ್ಲೇ ಆರಲು ಬಿಡುವುದು ಲೇಸು. ಒಳಗಿನ ಕುಗ್ಗು-ರಂಧ್ರಗಳನ್ನು 1200 ಡಿಗ್ರಿಯ ಆಸುಪಾಸಿನಲ್ಲಿ ಹಿಪ್ ಮಾಡಿ (ಬಿಸಿಯಲ್ಲಿ ಅನಿಲದಿಂದ ಎಲ್ಲ ಕಡೆಯಿಂದಲೂ ಒತ್ತಿ) ಮುಚ್ಚಬಹುದು. ಹೊರಮೈಗೆ ತೆರೆದ ರಂಧ್ರ ಮುಚ್ಚುವುದಿಲ್ಲ.

ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ) ಹಲಗೆಗಳ ನಟ್ಟನಡುವೆ ಬೇರೆ ಛಾಯೆಯ ತಿರುಳು ಕಂಡರೆ ಅದು ಮಾರ್ಪಡದೆ ಉಳಿದ ಟೈಟಾನಿಯಂ ಕಾರ್ಬೈಡ್ ಇರಬಹುದು. ಕಣದ ಸುತ್ತ ಎಚ್ ಫೇಸ್ ಚಿಪ್ಪು ಕಟ್ಟಿದ ಮೇಲೆ ಇಂಗಾಲ ಅದನ್ನು ದಾಟಿ ಬರುವುದು ಬಹಳ ನಿಧಾನ. ಪುಡಿ ದಪ್ಪಗಿತ್ತು, ಇಲ್ಲವೇ ಕರಗಿದ ಸ್ಥಿತಿಯಲ್ಲಿ ಇಟ್ಟ ಹೊತ್ತು ಸಾಲಲಿಲ್ಲ ಎಂದರ್ಥ. ನಯೋಬಿಯಂ ಇಲ್ಲದ ಮಿಶ್ರಲೋಹದಲ್ಲಿ ಪರಮಾಣು ಸಂಖ್ಯೆಗೆ ತಕ್ಕಂತೆ ಛಾಯೆ ತೋರುವ ಬ್ಯಾಕ್‌ಸ್ಕ್ಯಾಟರ್ ಚಿತ್ರವನ್ನೇ ನಂಬಬೇಡ: ಗಾಮಾ ಮತ್ತು ಎಚ್ ಫೇಸ್‌ಗಳ ಸರಾಸರಿ ಪರಮಾಣು ಸಂಖ್ಯೆ ಹೆಚ್ಚುಕಡಿಮೆ ಒಂದೇ, ಛಾಯೆ ಬೇರ್ಪಡುವುದೇ ಇಲ್ಲ.

ಎಚಿಂಗ್‌ಗೆ (ಒಳರಚನೆ ಕಾಣುವಂತೆ ಲೋಹದ ಮೈಯನ್ನು ಆಮ್ಲದಿಂದ ಕೊರೆಯಲು) ಕ್ರೋಲ್ ದ್ರಾವಣ ಬಳಸುತ್ತೀಯಲ್ಲ, ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿದೆ. ಅದು ತಗುಲಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಮೇಜಿನ ಮೇಲಿಲ್ಲದೆ ಬಾಟಲಿಯ ಮುಚ್ಚಳ ತೆಗೆಯಬೇಡ, ಒಬ್ಬಳೇ ಇದ್ದಾಗಲಂತೂ ಬೇಡವೇ ಬೇಡ ಮಗಳೇ.

ಎಕ್ಸ್-ಕಿರಣದಿಂದ ಹರಳುಗಳನ್ನು ಗುರುತಿಸುವ ಎಕ್ಸ್‌ಆರ್‌ಡಿ ಸ್ಕ್ಯಾನ್ ಅನ್ನು ರೂಢಿಯಂತೆ 20 ಡಿಗ್ರಿಯಿಂದ ಶುರು ಮಾಡದೆ 10ರಿಂದ ಮಾಡಿಸು. ತಾಮ್ರದ ಕಿರಣದಲ್ಲಿ ಎಚ್ ಫೇಸ್‌ನ ಮೊದಲ ಗೆರೆ 13 ಡಿಗ್ರಿಯಲ್ಲಿ ಬರುತ್ತದೆ. ಗಾಮಾ, ಆಲ್ಫಾ-2, ಟೈಟಾನಿಯಂ ಕಾರ್ಬೈಡ್ ಮೂರಕ್ಕೂ ಅಲ್ಲಿ ಗೆರೆಯಿಲ್ಲ. ಮೊದಲ ಬಟನ್‌ನ ಸ್ಕ್ಯಾನನ್ನೂ ಐದು ಸಲದ ತೂಕದ ಪಟ್ಟಿಯನ್ನೂ ನನಗೆ ಕಳಿಸು, ಕೂತು ನೋಡೋಣ.

ಇತಿ,
ನಿನ್ನ ಮಾವ