ನೋವನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಆಪರೇಷನ್ ಆದವರ ಬಿಪಿ, ಜ್ವರ, ನಾಡಿ ಎಲ್ಲವನ್ನೂ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ನೋವು ಎಷ್ಟಿದೆ ಅಂತಲೂ ಕೇಳಿ ಬರೆಯಬೇಕು ಅಲ್ವಾ?

ಕಳೆದ ತಿಂಗಳು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನಮ್ಮ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಬೆನ್ನಿಗೆ ಕೊಟ್ಟ ಅರಿವಳಿಕೆ ಸಂಜೆ ಹೊತ್ತಿಗೆ ಇಳಿಯಿತು. ಅಷ್ಟರಲ್ಲಿ ಡಾಕ್ಟರ ರೌಂಡ್ಸ್ ಮುಗಿದಿತ್ತು. ಜೀವನವಿಡೀ ತೊಗರಿ ಚೀಲ ಹೊತ್ತವರು ಅಪ್ಪ. ಅವರೇ 'ಭಾಳ ಬ್ಯಾನಿ ಆಗ್ಲತ್ತದ ಯವ್ವಾ' ಅಂದರೆ ಸುಮ್ನೆ ಅಲ್ಲ. ಶೀಟಿನಲ್ಲಿ ನೋವಿನ ಇಂಜೆಕ್ಷನ್ ಮುಂದೆ 'ಎಸ್‌ಒಎಸ್' ಅಂತಿತ್ತು, ಬೇಕಾದಾಗ ಮಾತ್ರ ಕೊಡಿ ಅಂತ. ನಾನು ಹೋಗಿ ಕೇಳಿದೆ, ಕೊಟ್ಟರು. ಪಕ್ಕದ ಬೆಡ್ಡಿನ ಅಜ್ಜನಿಗೆ ಲಂಬಾಣಿ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಹಲ್ಲು ಕಚ್ಚಿ ಮಲಗಿದ್ದರು. ಅವರ ಪರವಾಗಿ ಯಾರು ಕೇಳಬೇಕು? ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಇಡೀ ವಾರ್ಡಿಗೆ ಅವರೊಬ್ಬರೇ ಓಡಾಡುತ್ತಿದ್ದರು.

ನೋವು ತಡೆದುಕೊಂಡರೆ ಮುಗಿಯಿತು ಅಂತಲ್ಲ. ಹೊಲಿಗೆ ಎಳೆಯುತ್ತದೆ ಅಂತ ಅಪ್ಪ ಕೆಮ್ಮಲೂ ಹೆದರಿದರು. ಕೆಮ್ಮದಿದ್ದರೆ ಕಫ ಎದೆಯಲ್ಲೇ ಕೂತು ನ್ಯುಮೋನಿಯಾ ಆಗಬಹುದು. ಏಳದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮರುದಿನ ಬಂದ ಕಿರಿಯ ಡಾಕ್ಟರಮ್ಮ, ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮುವುದನ್ನು ತೋರಿಸಿಕೊಟ್ಟರು. ಪ್ಯಾರಾಸಿಟಮಾಲ್ ಅನ್ನು 6 ಗಂಟೆಗೊಮ್ಮೆ ತಪ್ಪದೆ ಕೊಡಿ ಅಂತ ಬರೆದರು. ಅಗ್ಗದ ಔಷಧ ಅದು. ನೋವು ಏರುವ ಮೊದಲೇ ಹೊತ್ತಿಗೆ ಸರಿಯಾಗಿ ಕೊಟ್ಟರೆ ಎಷ್ಟು ವ್ಯತ್ಯಾಸ! ಸಂಜೆ ಅಪ್ಪ ನನ್ನ ಕೈ ಹಿಡಿದು ಬಾತ್‌ರೂಮಿನವರೆಗೆ ನಡೆದರು.

ದೊಡ್ಡ ಆಪರೇಷನ್ ಆದವರಿಗೆ ಇದಿಷ್ಟೇ ಸಾಲದು, ಮಾರ್ಫಿನ್‌ನಂಥ ಔಷಧ ಬೇಕಾಗಬಹುದು. ಆಸ್ಪತ್ರೆಗಳಿಗೆ ಅದು ಸುಲಭವಾಗಿ ಸಿಗಲಿ ಅಂತಲೇ 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಮಾಡಲಾಗಿದೆ. ಚಟ ಹತ್ತುತ್ತದೆ ಅನ್ನುವ ಭಯದಿಂದ ರೋಗಿಯನ್ನು ನರಳಲು ಬಿಡಬಾರದು.

ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಬಿಪಿ ನೋಡುವಾಗಲೇ 0ಯಿಂದ 10ರೊಳಗೆ ನೋವು ಎಷ್ಟು ಅಂತ ಕೇಳಿ ಬರೆಯಲಿ. ಮಲಗಿದಾಗ ಮಾತ್ರವಲ್ಲ, ಕೆಮ್ಮಿದಾಗ, ಎದ್ದು ಕೂತಾಗಲೂ ಕೇಳಲಿ. ಅಂಕಿ ಹೇಳಲು ಬಾರದವರಿಗೆ, ಕನ್ನಡ ಬಾರದವರಿಗೆ ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳ ಚಾರ್ಟ್ ತೋರಿಸಿದರೆ ಸಾಕು, ಬೆರಳಿಟ್ಟು ಹೇಳುತ್ತಾರೆ. ಜೊತೆಗೆ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಅನ್ನು ಕೊಡಿ.

– ರೋಗಿಯೊಬ್ಬರ ಮಗಳು, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ