ಊರು ಕರೆಯಲಿಲ್ಲ ಅಂತ ಕೊರಗಬೇಡ

ಪ್ರೀತಿಯ ಕುಂಞಿ,

ಯುರೋಪಿನಲ್ಲಿ ಜೋಡಿಯಾಗಿ ನುಡಿಸುವ ನಿಮ್ಮಿಬ್ಬರಿಗೆ ಮೂರು ಕಡೆ ಶೋ ಸಿಕ್ಕಿದೆ ಅಂತ ಒಂದು ಸಾಲು ಬರೆದಿದ್ದೀಯ. ನಮ್ಮೂರು ವಿರಾಜಪೇಟೆಯಲ್ಲಿ ಒಬ್ಬರೂ ಕರೆಯಲ್ಲ ಅಂತ ಹತ್ತು ಸಾಲು. ಆ ಹತ್ತು ಸಾಲಿಗೇ ಈ ಪತ್ರ.

ರೋಡ್ರಿಗೋ, ಗೇಬ್ರಿಯೆಲಾ ಜೋಡಿಯ ಗಿಟಾರ್ ನೀನೇ ಅಲ್ವಾ ನನಗೆ ಕೇಳಿಸಿದ್ದು? ಮೆಕ್ಸಿಕೋ ಸಿಟಿಯವರು, ಅಲ್ಲಿ ಅವರಿದ್ದ ಮೆಟಲ್ ಸಂಗೀತದ ಬ್ಯಾಂಡ್ ದಡ ಸೇರಲಿಲ್ಲ ಅಂತ 1999ರಲ್ಲಿ ಐರ್ಲೆಂಡಿನ ಡಬ್ಲಿನ್‌ಗೆ ಹೋದರು, ಇಂಗ್ಲಿಷ್ ಅಷ್ಟಕ್ಕಷ್ಟೆ, ಗ್ರಾಫ್ಟನ್ ಸ್ಟ್ರೀಟ್‌ನಲ್ಲಿ ನಿಂತು ನುಡಿಸಿದರು. ಬೀದಿಯಲ್ಲಿ ಟಿಕೆಟ್ ಕೊಂಡು ಕೂತವರು ಯಾರೂ ಇರಲ್ಲ, ಬಸ್ಸಿಗೆ ಓಡುವವನನ್ನು ನಿಲ್ಲಿಸಬೇಕು. ಗೇಬ್ರಿಯೆಲಾ ತಂತಿ ಮೀಟುತ್ತಲೇ ಗಿಟಾರಿನ ಮೈಮೇಲೆ ತಾಳ ಬಡಿಯುತ್ತಾಳೆ, ನಮ್ಮ ಕೊಡಗಿನ ಪುಟ್ಟ ಚರ್ಮವಾದ್ಯ ದುಡಿಯ ಹಾಗೆ. 2006ರಲ್ಲಿ ಅವರ ಆಲ್ಬಂ ಐರ್ಲೆಂಡ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ತವರಲ್ಲಿ ಹೆಸರಾಗಿದ್ದು ಆಮೇಲೆ. ಗ್ರ್ಯಾಮಿ 2020ರಲ್ಲಿ.

ಊರಿನವರು ನಿನ್ನನ್ನು ಕೇಳುವ ಮೊದಲು ನೋಡುತ್ತಾರೆ. ಇಂಥವರ ಮಗಳು, ಗದ್ದೆಬದುವಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡವಳು. ಹೊರಗಿನವರಿಗೆ ನಿನ್ನ ಹಲ್ಲಿನ ಕಥೆ ಗೊತ್ತಿಲ್ಲ, ಹಾಗಾಗಿ ಸುಮ್ನೆ ಕೇಳುತ್ತಾರೆ. ಇದರಲ್ಲಿ ಊರಿನ ದ್ವೇಷ ಏನಿದೆ? ನಮ್ಮ ತೋಟದ ರೋಬಸ್ಟಾ ಕಾಫಿ ಇಟಲಿಗೆ ಹೋಗಿ ಎಸ್ಪ್ರೆಸೋ ಆಗುತ್ತೆ, ಇಲ್ಲಿ ನಾವು ಬೆಲ್ಲ ಹಾಕಿ ಕುಡಿಯುತ್ತೇವೆ. ಗಿಡ ಮುನಿಸಿಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಮುನಿಸಿಕೊಂಡಿದ್ದು ನಾನು. ಹಾರ್ಮೋನಿಯಂ ನುಡಿಸುತ್ತಿದ್ದ ಕಾಲದಲ್ಲಿ ಒಂದು ಸಂಘದವರು ಕಾರ್ಯಕ್ರಮಕ್ಕೆ ಕರೆದು ಕೊನೆ ಗಳಿಗೆಯಲ್ಲಿ ನನ್ನ ಹೆಸರು ತೆಗೆದರು. ಹನ್ನೆರಡು ವರ್ಷ ಆ ಕಡೆ ತಲೆ ಹಾಕಲಿಲ್ಲ, ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಆಮೇಲೆ ಅವರಲ್ಲೊಬ್ಬರು ಮದುವೆ ಮನೆಯಲ್ಲಿ ಸಿಕ್ಕು, ಈಗ ಯಾಕೆ ನುಡಿಸಲ್ಲ ಅಂತ ಕೇಳಿದರು! ಅವರಿಗೆ ನೆನಪೇ ಇರಲಿಲ್ಲ. ಹಾರ್ಮೋನಿಯಂ ಅಷ್ಟರಲ್ಲಿ ಜಿರಲೆ ಪಾಲಾಗಿತ್ತು.

ಹೋಗಿ ಬಾ. ಅಲ್ಲಿ ಚಪ್ಪಾಳೆ ಬಿದ್ದ ಕೂಡಲೇ ಊರನ್ನು ಚುಚ್ಚುವ ಪೋಸ್ಟ್ ಹಾಕಬೇಡ. ಪುತ್ತರಿ ಸುಗ್ಗಿ ಹಬ್ಬಕ್ಕೆ ಇಬ್ಬರೂ ಬನ್ನಿ, ದುಡಿ ಹಾಡಿನವರ ಪಕ್ಕ ಕೂರಿ. ನಾಲ್ಕು ಜನ, ಒಂದು ಜೋಡಿ ಬಿಟ್ಟ ಸಾಲನ್ನು ಇನ್ನೊಂದು ಜೋಡಿ ಹಿಡಿಯುವುದನ್ನು ನೋಡಿ, ಜೋಡಿಯಾಗಿ ನುಡಿಸುವವರಿಗೆ ಅಲ್ಲಿ ಕಲಿಯೋದು ಜಾಸ್ತಿ ಇದೆ. ನುಡಿಸಿ ಅಂದರೆ ನುಡಿಸಿ, ಅನ್ನದಿದ್ದರೆ ತಂಬಿಟ್ಟು ತಿಂದು ಬನ್ನಿ.

ಮತ್ತೆ, ದುಡ್ಡಿನ ಪಾಲು ಇಬ್ಬರೂ ಈಗಲೇ ಬರೆದಿಟ್ಟುಕೊಳ್ಳಿ. ಸ್ನೇಹಿತರ ಮಧ್ಯೆ ಎಂಥ ಲೆಕ್ಕ ಅನ್ನಬೇಡ.

ಹೊರಡುವ ದಿನ ತಿಳಿಸು, ಕಾಫಿಪುಡಿ ಮಾಡಿಸಿ ಕೊಡುತ್ತೇನೆ.

ನಿನ್ನ ದೊಡ್ಡಮ್ಮ